ಎದುರು ಗೋಡೆ ಇಲ್ಲದ ದಾರ

ನಮ್ಮೂರಲ್ಲಿ ಯಾರ ಮನೆಗೆ ಹೋದರೂ ಮೊದಲು ಗೋಡೆ ನೋಡಬೇಕು. ಹಾಲು ಚೆಲ್ಲಿ ಒಣಗಿದಂಥ, ಅಂಗೈ ಅಗಲದ ಕಲೆ ಕಂಡರೆ ಅದು ಯಾರದೆಂದು ಕೇಳಬೇಕು. ಕೇಳದೆ ಕೂತರೆ ಮನೆಯವರ ಮನಸ್ಸು ಕಹಿಯಾಗುತ್ತದೆ. "ಇದು ಕುಂಬಾರ ಭರಮಪ್ಪಂದು, ಬಾಜೂದ್ದು ಅವನ ಆಡಿಂದು" ಎಂದು ಅವರು ಹೇಳಿ ಮುಗಿಸಿದ ಮೇಲೆಯೇ ಬೆಲ್ಲ, ನೀರು ಬರುವುದು. ಹೊರಗಿನಿಂದ ಬಂದ ನೆಂಟರಿಗೆ ಮೊದಲ ಸಲ ಇದು ವಿಚಿತ್ರವೆನಿಸುತ್ತದೆ. ಎರಡನೆಯ ಸಲ ಬರುವಾಗ ಅವರೂ ಗೋಡೆ ನೋಡಿಕೊಂಡೇ ಕೂರುತ್ತಾರೆ.

ತಾಕುವುದು ಎಂದರೆ ನಮ್ಮಲ್ಲಿ ಒಂದೇ ಅರ್ಥ. ಹಗಲುಹೊತ್ತು, ಹೊಲದಲ್ಲೋ ಓಣಿಯಲ್ಲೋ ಬಚ್ಚಲಲ್ಲೋ, ಮೇಲಿನಿಂದ ಏನೋ ಬಂದು ತಾಕುತ್ತದೆ. ತಾಕಿಸಿಕೊಂಡದ್ದು ಇರುವುದಿಲ್ಲ, ಬಂದು ತಾಕಿದ್ದೂ ಇರುವುದಿಲ್ಲ. ಕೆಲವು ಸಲ ಕೊಡದ ಕಂಠ, ಕೆಲವು ಸಲ ಕುರ್ಚಿಯ ಕಾಲು, ಕೆಲವು ಸಲ ಮನುಷ್ಯ. ಆ ಜಾಗದಿಂದ ಎರಡು ಬೆಳಕು ಒಂದಕ್ಕೊಂದು ಬೆನ್ನು ಮಾಡಿ ಹೊರಡುತ್ತವೆ. ಅವನ್ನು ಕಂಡವರಿಲ್ಲ. ಅವು ಹೋಗಿ ಬಡಿದ ಎರಡು ಗೋಡೆಗಳು ಬಿಸಿಯಾಗುತ್ತವೆ, ಕಲೆ ಮೂಡುತ್ತದೆ. ಆ ಎರಡೂ ಮನೆಯವರು ಕೂಡಲೇ ಒಂದು ತಂಬಿಗೆಯನ್ನು ಹೊಸ್ತಿಲ ಹೊರಗೆ ಬೋರಲು ಹಾಕಬೇಕು. ಬೋರಲು ತಂಬಿಗೆ ಕಂಡವರು ನಮ್ಮ ಮನೆಗೆ ಸುದ್ದಿ ಮುಟ್ಟಿಸುತ್ತಾರೆ. ನಾವು ದಾರದವರು.

ನಮ್ಮ ಕೆಲಸ ಕಷ್ಟದ್ದಲ್ಲ. ಒಬ್ಬರು ಈ ಕಲೆಯ ನಡುವೆ ದಾರದ ತುದಿ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಉಂಡೆ ಬಿಚ್ಚುತ್ತ ಆ ಕಲೆಯವರೆಗೆ ಹೋಗಿ ಬಿಗಿಮಾಡಬೇಕು. ಕಿಟಕಿಯಲ್ಲಿ ತೂರಿಸಿ, ಟೊಂಗೆಗಳ ನಡುವೆ ದಾಟಿಸಿ, ಯಾರದೋ ಅಡುಗೆಮನೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ. ಬೆಳಕು ಮರವನ್ನು, ಎಲೆಯನ್ನು, ಹಂಚನ್ನು ದಾಟಿಹೋಗುತ್ತದೆ, ಗೋಡೆ ಸಿಕ್ಕಾಗ ಮಾತ್ರ ನಿಲ್ಲುತ್ತದೆ. ಆದ್ದರಿಂದ ನಡುವೆ ಸಿಕ್ಕಿದ್ದನ್ನು ಯಾರೂ ನೋಡುವುದಿಲ್ಲ, ನೋಡಬೇಕಾದದ್ದು ಗೋಡೆಯನ್ನು. ದಾರ ಬಿಗಿಯಾದ ಮೇಲೆ ತಾಕಿ ಇಲ್ಲವಾದವರ ಮನೆಯವರು ಅದರ ಕೆಳಗೆ ಬರಿಗಾಲಲ್ಲಿ ನಡೆಯುತ್ತಾರೆ. ಒಂದು ಕಡೆ ನೆಲ ಅಂಗಾಲಿಗೆ ತಣ್ಣಗೆ ಹತ್ತುತ್ತದೆ; ತಾಕಿದ್ದು ಅಲ್ಲಿ. ಅಳುವವರು ಅಲ್ಲಿಯೇ ಅಳಬೇಕು, ಕಲ್ಲನ್ನು ಅಲ್ಲಿಯೇ ನಿಲ್ಲಿಸಬೇಕು. ಬಸ್ ನಿಲ್ದಾಣದ ನಟ್ಟನಡುವೆ ಅಂಥದೊಂದು ಕಲ್ಲಿದೆ; ಬಸ್ಸು ಅದನ್ನು ಸುತ್ತು ಹಾಕಿ ತಿರುಗುತ್ತದೆ. ಡ್ರೈವರ್ ಹೊಸಬನಾದರೆ ಕಂಡಕ್ಟರ್ ಮೊದಲೇ ಹೇಳಿಟ್ಟಿರುತ್ತಾನೆ.

ಕಲ್ಲು ನಿಂತ ಮೇಲೆ ಆ ಎರಡು ಕಲೆಯ ಮನೆಯವರು ತಾಕಿದವರ ಮನೆಗೆ ದಾರದ ಬೀಗರಾಗುತ್ತಾರೆ. ಅಮಾವಾಸ್ಯೆಯ ತನಕ ಅಳುವ ಮನೆಗೆ ಊಟ ತರುವವರು ಅವರೇ. ಒಂದು ವರ್ಷ ಅವರಲ್ಲಿ ಮದುವೆ ಮುಂಜಿ ಇಲ್ಲ. ಗಂಡ ತಾಕಿ ಇಲ್ಲವಾದ ಹೆಂಗಸು ಕಲ್ಲು ನಿಂತ ಮೇಲೆ ಬೇಕಾದರೆ ಬೇರೆ ಮದುವೆಯಾಗಬಹುದು, ಬೇಕಾದರೆ ತವರಿಗೆ ಹೋಗಬಹುದು, ಬೇಕಾದರೆ ಸುಮ್ಮನೆ ಅತ್ತು ಎದ್ದು ಕೂರಬಹುದು. ಕಲ್ಲು ನಿಲ್ಲದೆ ಇದಾವುದೂ ಇಲ್ಲ.

ನಾನು ಹೊರಗಿನ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವಳು. ಒಬ್ಬ ಮೇಷ್ಟ್ರು ಪಾಸಿಟ್ರಾನಿನ ಪಾಠ ಮಾಡಿದರು. ಎಲೆಕ್ಟ್ರಾನಿಗೆ ಅದರ ಎದುರು ಕಣ ಸಿಕ್ಕರೆ ಎರಡೂ ಮುಗಿದುಹೋಗುತ್ತವೆ, ಎರಡು ಬೆಳಕು ವಿರುದ್ಧ ದಿಕ್ಕಿಗೆ ಹೊರಡುತ್ತವೆ ಎಂದರು. ಎಲ್ಲರೂ ಬರೆದುಕೊಂಡರು. ನಾನು ಎದ್ದು ನಿಂತು, "ಸರ್, ದಾರ ಯಾರು ಹಿಡೀತಾರೆ?" ಎಂದೆ. ತರಗತಿಯೇ ನಕ್ಕಿತು. ಆಮೇಲೆ ಓದು ಮುಗಿಯುವವರೆಗೆ ನಾನು ಏನನ್ನೂ ಕೇಳಲಿಲ್ಲ. ಪದವಿ ಹಿಡಿದು ಊರಿಗೆ ಬರುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದ. ಜ್ವರ ಬಂದು, ಹಾಸಿಗೆಯಲ್ಲಿ, ಎಲ್ಲರ ಕಣ್ಣೆದುರು. ನಮ್ಮೂರಲ್ಲಿ ಅಂಥ ಸಾವಿಗೆ ಹೊಟ್ಟೆಕಿಚ್ಚು ಪಡುತ್ತಾರೆ. ಅಣ್ಣನಿಗೆ ದಾರದ ಇನ್ನೊಂದು ತುದಿ ಹಿಡಿಯುವವರು ಬೇಕಾಗಿತ್ತು. ಹಿಡಿದೆ.

ಅಣ್ಣನ ಹೆಸರು ವಿರೂಪಾಕ್ಷ. ದಾರದ ಒಂದು ತುದಿಯಲ್ಲಿ ಅವನು, ಇನ್ನೊಂದರಲ್ಲಿ ನಾನು, ನಡುವೆ ಇಡೀ ಊರು. ಒಮ್ಮೆ ಜಗ್ಗಿದರೆ ಬಿಗಿಮಾಡು, ಎರಡು ಸಲ ಜಗ್ಗಿದರೆ ಬಿಡು. ನಮ್ಮಿಬ್ಬರಿಗೆ ಅಷ್ಟು ಮಾತು ಸಾಕಾಗುತ್ತಿತ್ತು. ಮನೆಯಲ್ಲಿಯೂ ಅವನು ಹಾಗೆಯೇ. ಅವನ ಹೆಂಡತಿ ಕಸ್ತೂರಿ ವೈನಿ, "ನಿಮ್ಮಣ್ಣಗ ನಾನೂ ಒಂದು ದಾರ ಕಟ್ಟಬೇಕು ನೋಡು ವಿಮಲಾ. ಒಮ್ಮೆ ಜಗ್ಗಿದರ ರೊಟ್ಟಿ, ಎರಡು ಸಲಕ್ಕ ಸಾಕು" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಅವನ ನಗು ಯಾವಾಗಲೂ ತುಸು ತಡವಾಗಿ ಬರುತ್ತಿತ್ತು, ದೂರದಿಂದ ನಡೆದು ಬಂದ ಹಾಗೆ.

ಆ ವರ್ಷ ಊರಾಚೆಯ ಗುಡ್ಡದ ಮೇಲೆ ಹೊರಗಿನವರು ಒಂದು ಯಂತ್ರ ಹೂಡಿದ್ದರು. ಅವರ ಮುಖ್ಯಸ್ಥೆಯನ್ನು ಊರವರು ಗುಡ್ಡದ ಮೇಡಂ ಎನ್ನುತ್ತಿದ್ದರು. ನಮ್ಮೂರ ಮೇಲಿನ ಆಕಾಶ ತೆಳ್ಳಗಿದೆ, ಬೇರೆ ಕಡೆ ನೆಲಕ್ಕೆ ಮುಟ್ಟದ ಬೆಳಕು ಇಲ್ಲಿ ಮುಟ್ಟುತ್ತದೆ ಎಂದು ಅವರ ಎಣಿಕೆ. ಆಕಾಶಗಂಗೆಯ ನಡುವಿನಿಂದ ಎಡೆಬಿಡದೆ ಅದೇ ಜೋಡಿ ಬೆಳಕು ಹೊರಡುತ್ತಿದೆಯಂತೆ. ಅಲ್ಲಿ ಅಷ್ಟೊಂದು ಪಾಸಿಟ್ರಾನುಗಳು ಎಲ್ಲಿಂದ ಬಂದವು ಎಂಬುದು ಮಾತ್ರ ಯಾರಿಗೂ ತಿಳಿಯದು. ಗೋಡೆಯ ಕಲೆಗಳನ್ನು ತೋರಿಸಲು ಅಣ್ಣ ಮೇಡಂ ಜೊತೆ ಊರೆಲ್ಲ ತಿರುಗಿದ. ಒಂದು ದಿನ ಊಟಕ್ಕೆ ಕೂತವನು ತಾನಾಗಿಯೇ ಬಾಯಿಬಿಟ್ಟ.

"ಅದು ಹುಟ್ಟಿದಲ್ಲೇ ತಾಕಂಗಿಲ್ಲಂತ. ಭಾಳ ದಿನ ಅಲೀತದಂತ. ಅಲೆದು ಅಲೆದು ದಣದು ನಿಧಾನ ಆದಾಗಷ್ಟ ತಾಕತೈತಂತ. ಓಡತಿರೋದಕ್ಕ ಏನೂ ಆಗಂಗಿಲ್ಲ."

ಆ ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ವೈನಿ ರೊಟ್ಟಿ ಬಡಿಯುತ್ತಲೇ, "ಹಂಗಾದ್ರ ಓಡ್ರಿ ನೀವೂ. ಯಾರು ಬ್ಯಾಡ ಅಂದಾರ?" ಎಂದಳು. ಅವ್ವ ನಕ್ಕಳು. ನಾನೂ ನಕ್ಕೆ. ಅಣ್ಣನ ನಗು ಬರುವಷ್ಟರಲ್ಲಿ ನಾವು ಬೇರೆ ಮಾತಿಗೆ ಹೋಗಿದ್ದೆವು. ಬಂತೋ ಇಲ್ಲವೋ ನೋಡಲಿಲ್ಲ.

ಧನುರ್ಮಾಸದಲ್ಲಿ ಒಂದು ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ಬೆಳಿಗ್ಗೆ ಅಂಗಿ ತೊಟ್ಟು ಹೊರಗೆ ಹೋಗಿದ್ದ. ದಾರದ ಉಂಡೆ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಅವ್ವ ಅವನ ತಾಟಿಗೆ ಬಡಿಸಿ ಮುಚ್ಚಿಟ್ಟು ಕೂತಿದ್ದಳು. ಅಷ್ಟರಲ್ಲಿ ಬಡಿಗೇರ ಮೌನೇಶಪ್ಪನ ಹೆಂಡತಿ ಕಾಳವ್ವ ತಂಬಿಗೆ ಬೋರಲು ಹಾಕಿದ್ದಾಳೆಂದು ಸುದ್ದಿ ಬಂತು. ನಾನು ಉಂಡೆ ತೆಗೆದುಕೊಂಡು ಓಡಿದೆ. ಅಣ್ಣ ಅಲ್ಲಿಗೇ ಬರುತ್ತಾನೆಂದುಕೊಂಡಿದ್ದೆ.

ಮೌನೇಶಪ್ಪ ಕೆಲಸ ಮಾಡುವ ಕೊಟ್ಟಿಗೆಯ ಹಿಂಗೋಡೆಯಲ್ಲಿ, ನೆಲಕ್ಕೆ ಹತ್ತಿರ, ಕಲೆ ಇತ್ತು. ಅದರ ಮುಂದೆ ಹಲಗೆಗಳನ್ನು ಒರಗಿಸಿಟ್ಟಿದ್ದರು. "ಬುತ್ತಿ ತಂದಿದ್ದೆ ನೋಡವಾ. ಕೂಡಾಕಂತ ಹಲಗಿ ಸರಸಿ ಗ್ವಾಡಿಗೆ ಕೈ ಕೊಟ್ಟೆ, ರೊಟ್ಟಿ ಹಂಚಿನಂಗ ಸುಡತಿತ್ತು" ಎಂದು ಕಾಳವ್ವ ಅಂಗೈ ತೋರಿಸಿದಳು. ಜನ ಸೇರಿದರು. ಎಲ್ಲರೂ ತಮ್ಮ ತಮ್ಮ ಮನೆಯವರನ್ನು ಕೂಗಿ ಕರೆದು ನೋಡಿಕೊಂಡರು, ಎಲ್ಲರೂ ಓಗೊಟ್ಟರು. ಕೊನೆಗೆ ಎಲ್ಲರ ಕಣ್ಣು ನನ್ನ ಕೈಯಲ್ಲಿದ್ದ ಉಂಡೆಯ ಮೇಲೆ ಬಂದು ನಿಂತವು. ಬಾಗಿಲಲ್ಲಿ ಕಸ್ತೂರಿ ವೈನಿ ಬಂದು ನಿಂತದ್ದು ನನಗೆ ಬೆನ್ನಿಗೇ ತಿಳಿಯಿತು. ಅವಳು ಕಾಲಲ್ಲಿದ್ದ ಚಪ್ಪಲಿ ಬಿಟ್ಟಳು.

"ಇನ್ನೊಂದು ತಂಬಿಗಿ ಎಲ್ಲೈತಿ?" ಎಂದಳು. "ದಾರ ಹಚ್ಚು ವಿಮಲಾ. ನಾ ಹಿಡೀತೀನಿ ಇನ್ನೊಂದು ತುದಿ."

ಇನ್ನೊಂದು ತಂಬಿಗೆ ಎಲ್ಲಿಯೂ ಇರಲಿಲ್ಲ. ಕತ್ತಲಾಗುವವರೆಗೆ ಇರಲಿಲ್ಲ, ಮರುದಿನವೂ ಇರಲಿಲ್ಲ. ಮನೆಮನೆಗೆ ಹೋಗಿ ಗೋಡೆಗಳಿಗೆ ಕೈ ಇಟ್ಟು ನೋಡಿದೆವು. ಒಂಟಿ ಕಲೆಯ ಮಾತನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ಆಡು ತಾಕಿದರೂ ಎರಡು ಕಲೆ, ಕುರ್ಚಿಯ ಕಾಲಿಗೂ ಎರಡು ಕಲೆ. ವೈನಿ ಮೊದಲ ದಿನವೇ ಕಲ್ಲು ತರಿಸಿ ನಮ್ಮ ಬಾಗಿಲ ಹೊರಗೆ ಮಲಗಿಸಿದ್ದಳು. ಕಲ್ಲುಕುಟಿಗ ಅದರ ಮೇಲೆ ಅಣ್ಣನ ಹೆಸರು ಕೊರೆದಿದ್ದ. ಅವ್ವ ಅದನ್ನು ದಾಟಿಕೊಂಡು ಓಡಾಡುತ್ತ ಹೊತ್ತುಹೊತ್ತಿಗೆ ಅಣ್ಣನ ತಾಟಿಗೆ ಬಡಿಸುತ್ತಿದ್ದಳು. "ಜಾಗಾ ಸಿಗೂತನಕ ಅವ ಹೊರಗ ಹೋದಾಂವನಽ. ಬಂದ ಮ್ಯಾಲ ಹಸದಿರ್ತಾನ" ಎನ್ನುತ್ತಿದ್ದಳು. ಆರಿದ ಊಟವನ್ನು ವೈನಿ ಉಣ್ಣುತ್ತಿದ್ದಳು. ಕಾಳವ್ವ ಬೀಗರ ಊಟವೆಂದು ತಂದದ್ದನ್ನು ಮಾತ್ರ ಇಬ್ಬರೂ ಮುಟ್ಟುತ್ತಿರಲಿಲ್ಲ. ಇನ್ನೂ ಅತ್ತು ಮುಗಿಸದ ಮನೆಯಲ್ಲಿ ಅದನ್ನು ಉಣ್ಣುವಂತಿರಲಿಲ್ಲ. ಕಾಳವ್ವ ತಂದು ಬಾಗಿಲಲ್ಲಿ ತೋರಿಸಿ ವಾಪಸು ಒಯ್ಯುತ್ತಿದ್ದಳು. ಅದೂ ಒಂದು ದಿನಚರಿಯಾಯಿತು.

ಬಡಿಗೇರನ ಕೊಟ್ಟಿಗೆಗೆ ಎದುರಾಗಿ, ಬಯಲಿನ ಆಚೆ, ಸಿಂಪಿಗ ರಾಚಪ್ಪನ ಮನೆ. ಅವನ ಮಗಳು ಚಂಪಾವತಿಯ ಮದುವೆ ಮಾಘದಲ್ಲಿ ನಿಶ್ಚಯವಾಗಿತ್ತು. ಮದುವೆಗೆಂದು ಅದೇ ವಾರ ಮನೆಗೆ ಸುಣ್ಣ ಹೊಡೆಸಿದ್ದ. ಹಸಿ ಸುಣ್ಣದ ಗೋಡೆ ಬಯಲಿನಿಂದಲೇ ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ಯಾರೂ ಹೇಳಿರಲಿಕ್ಕಿಲ್ಲ, ಎಲ್ಲರೂ ನೋಡಿದರು ಅಷ್ಟೆ. ಮದುವೆಯ ಮನೆ, ಒಂದು ವರ್ಷ ಶುಭಕಾರ್ಯವಿಲ್ಲದ ಕಟ್ಟಳೆ, ಹೊಸ ಸುಣ್ಣ. ವೈನಿ ಒಂದು ಬೆಳಿಗ್ಗೆ ಅವರ ಅಂಗಳದಲ್ಲಿ ಹೋಗಿ ಕೂತಳು. ನಾನು ಉಂಡೆ ಹಿಡಿದು ಹಿಂದೆ ನಿಂತೆ.

"ರಾಚಪ್ಪಣ್ಣ, ನಾ ನಿಮ್ಮ ಮದುವಿ ನಿಲ್ಲಸಾಕ ಬಂದಿಲ್ಲ. ಕಲೆ ಐತಿ ಅಂತ ಒಂದು ಮಾತು ಹೇಳ್ರಿ. ಕಲ್ಲು ನಿಂದರಸ್ತೀನಿ, ಅಳ್ತೀನಿ, ಹೋಗ್ತೀನಿ. ನೀವು ಮದುವಿ ಮಾಡ್ಕೋರಿ, ನಾ ಯಾರಿಗೂ ಹೇಳಂಗಿಲ್ಲ."

"ಇಲ್ಲದ್ದು ಐತಿ ಅಂತ ಹೆಂಗ ಹೇಳ್ಲಿ ತಂಗೀ?"

"ಸುಣ್ಣದ ಕೆಳಗ ಐತೇನೋ."

ರಾಚಪ್ಪ ಸಣ್ಣ ದೇಹದವನು, ಸೂಜಿಯ ಕಣ್ಣಿಗೆ ದಾರ ಪೋಣಿಸುವಾಗಲೂ ಜೋರಾಗಿ ಉಸಿರು ಬಿಡದವನು. ಅವನ ಕಿವಿ ಕೆಂಪಾದವು. ಒಳಗೆ ಹೋಗಿ ಒಂದು ಕರಣಿ ತಂದ. "ನಾನಽ ಕೆರೀತೀನಿ. ಮಂದಿ ಬಂದು ನೋಡ್ಲಿ" ಎಂದ. ಚಂಪಾವತಿ ಅವನ ಕೈ ಹಿಡಿದಳು. "ಬ್ಯಾಡ ಅಪ್ಪಾ, ಕೆರದ್ರ ಕೆಟ್ಟೋದ್ವಿ" ಎಂದಳು. ಅವಳು ಏಕೆ ಹಾಗಂದಳೆಂದು ನನಗೆ ಆಗ ತಿಳಿಯಲಿಲ್ಲ. ರಾಚಪ್ಪ ಕೆರೆದ. ಸುಣ್ಣ ಪದರಪದರವಾಗಿ ಉದುರಿತು. ಇಳಿಹೊತ್ತಿಗೆ ಗೋಡೆ ಮಣ್ಣಿನವರೆಗೆ ಬತ್ತಲೆಯಾಯಿತು. ಕಲೆ ಇರಲಿಲ್ಲ. ನೋಡುತ್ತಿದ್ದವರಲ್ಲಿ ಒಬ್ಬ, "ಕಲೆ ಇರೂದಽ ಸುಣ್ಣದ ಮ್ಯಾಲ. ಕೆರದು ನೆಲಕ್ಕ ಹಾಕಿ ಇಲ್ಲ ಅಂದ್ರ ಹೆಂಗ?" ಎಂದ. ಹೌದಲ್ಲ ಎಂದರು ಉಳಿದವರು. ರಾಚಪ್ಪ ಕರಣಿ ಹಿಡಿದೇ ನಿಂತಿದ್ದ. ನೆಲದ ಮೇಲೆ ಬಿದ್ದಿದ್ದ ಸುಣ್ಣದ ಚೂರುಗಳನ್ನು ಚಂಪಾವತಿ ಕಸಬರಿಗೆಯಿಂದ ಗುಡಿಸತೊಡಗಿದಳು.

ಗಂಡಿನವರಿಗೆ ಸುದ್ದಿ ಮುಟ್ಟಲು ತಡವಾಗಲಿಲ್ಲ. ಕಲೆ ಬಚ್ಚಿಟ್ಟ ಮನೆಯ ಹೆಣ್ಣು ಬೇಡ ಎಂದರು. ಮಾಘ ಬಂದು ಹೋಯಿತು.

ಮದುವೆಗೆಂದು ಮೌನೇಶಪ್ಪ ಒಂದು ಮಂಚ ಮಾಡಿಕೊಟ್ಟಿದ್ದ. ರಾಚಪ್ಪ ಅದನ್ನು ಬಂಡಿಯಲ್ಲಿ ಹೇರಿ ವಾಪಸು ಕಳಿಸಿದ. ಯಾರೂ ಮಲಗದ ಮಂಚ. ಬೇರೆಯವರಿಗೆ ಕೊಡೋಣವೆಂದು ಮೌನೇಶಪ್ಪ ಅದರ ತಲೆಹಲಗೆಯ ಹೊಳಪು ತೆಗೆದು ಉಜ್ಜಲು ಕೂತ. ಹೊಳಪು ಹೋದಂತೆ ಹಲಗೆಯಲ್ಲಿ ಒಂದು ಬಿಳಿಚು ಕಲೆ ಕಾಣಿಸಿತು. ಹಲಗೆ ಕೊಯ್ಯುವಾಗಲೇ ಅದನ್ನು ನೋಡಿದ್ದನಂತೆ, ಮರದ ಹಾಲಿನ ಕಲೆ ಎಂದುಕೊಂಡು ಮೇಲೆ ಬಣ್ಣ ಬಳಿದಿದ್ದನಂತೆ. ಈಗ ಕೀಸುಳಿ ಹಾಕಿದ. ಹೋಗಲಿಲ್ಲ. ಇನ್ನಷ್ಟು ಕೀಸಿದ. ಹಲಗೆಯ ಈ ಬದಿಯಿಂದ ಆ ಬದಿಗೆ ಕಲೆ ತೂರಿಹೋಗಿತ್ತು, ಓರೆಯಾಗಿ. ಅವನು ಕೀಸುಳಿ ಕೆಳಗಿಟ್ಟು ನಮ್ಮ ಮನೆಗೆ ಬಂದ.

"ಈ ಹಲಗಿ ಅವತ್ತು ಆ ಗ್ವಾಡಿಗೇ ಒರಗಿಸಿದ್ದೆ ವಿಮಲವ್ವಾ" ಎಂದ.

ಅದನ್ನು ಮತ್ತೆ ಅದೇ ಜಾಗದಲ್ಲಿ ಒರಗಿಸಿದೆವು. ಗೋಡೆಯ ಕಲೆ ಕೆಳಗಿತ್ತು, ಹಲಗೆಯ ಕಲೆ ಅದಕ್ಕಿಂತ ಮೊಳದಷ್ಟು ಮೇಲೆ. ವೈನಿ ಗೋಡೆಯ ಕಲೆಗೆ ದಾರದ ತುದಿ ಒತ್ತಿ ಹಿಡಿದಳು. ನಾನು ಹಲಗೆಯ ಕಲೆಯನ್ನು ತಾಕಿಸಿಕೊಂಡು ದಾರವನ್ನು ಎಳೆದೆ. ಊರಿನ ಎಲ್ಲ ದಾರಗಳೂ ಅಡ್ಡಡ್ಡ ಹೋಗುತ್ತವೆ. ಯಾರದೋ ಎದೆಮಟ್ಟ, ಯಾರದೋ ತಲೆಮಟ್ಟ. ಇದು ನನ್ನ ಕೈಯನ್ನು ಮೇಲೆತ್ತಿತು. ಇನ್ನೂ ಮೇಲೆತ್ತಿತು. ತುದಿಗಾಲಲ್ಲಿ ನಿಂತರೂ ಸಾಲಲಿಲ್ಲ. ಎರಡು ಬೆಳಕು ಯಾವ ದಿಕ್ಕಿಗಾದರೂ ಹೋಗಬಹುದೆಂದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಬರೆಯುವಾಗ ಕೂಡ ನನ್ನ ಮನಸ್ಸಿನಲ್ಲಿದ್ದದ್ದು ಗೋಡೆಯಿಂದ ಗೋಡೆಗೆ ಹೋಗುವ ದಾರವೇ.

ಮೌನೇಶಪ್ಪ ಹೊರಗೆ ಏಣಿ ಇಟ್ಟು ಮಾಡಿನ ಮೇಲೆ ಹತ್ತಿದ. ದಾರ ತೋರಿಸುತ್ತಿದ್ದ ಕಡೆಯ ಹಂಚನ್ನು ಎತ್ತಿ ಒಳಬದಿಯನ್ನು ಉಜ್ಜಿ ನೋಡಿದ. ಮಸಿಯ ಕೆಳಗೆ ಅಲ್ಲಿಯೂ ಕಲೆ ಇತ್ತು. ಆ ಸಂದಿಯಿಂದ ಕೆಳಗೆ ಕೈ ಚಾಚಿದ. ನಾನು ದಾರ ಕೊಟ್ಟು, ಹೊರಗಿನಿಂದ ಏಣಿ ಹತ್ತಿ ಮಾಡಿನ ಮೇಲೆ ಹೋಗಿ ಕೂತೆ. ನಡುಹೊತ್ತು. ಊರೆಲ್ಲ ಕೆಳಗಿತ್ತು. ಅಲ್ಲಲ್ಲಿ ಕಲ್ಲುಗಳು, ಕಲ್ಲನ್ನು ಬಳಸಿಕೊಂಡು ಹೋಗುವ ಜನ. ರಾಚಪ್ಪನ ಮನೆಯ ಕೆರೆದ ಗೋಡೆ. ದಾರ ಹಂಚಿನ ಸಂದಿಯಿಂದ ಹೊರಬಂದು ತೆಂಕಣ ಆಕಾಶದ ಕಡೆ ಮುಖಮಾಡಿತ್ತು. ಆ ಕಡೆ ಮರವಿಲ್ಲ, ಗೋಪುರವಿಲ್ಲ, ಗುಡ್ಡವೂ ಇಲ್ಲ. ಆ ದಾರದ ಕೆಳಗೆ ಬರಿಗಾಲಲ್ಲಿ ನಡೆಯಲು ಎಲ್ಲಿಯೂ ನೆಲವಿರಲಿಲ್ಲ.

ಸುದ್ದಿ ಕೇಳಿ ಗುಡ್ಡದ ಮೇಡಂ ಓಡಿಬಂದರು. ದಾರಕ್ಕೆ ತಮ್ಮ ಉಪಕರಣ ಹಿಡಿದು ಓರೆ ಅಳೆದರು, ಗೋಡೆ ಸುಟ್ಟದ್ದು ಮಧ್ಯಾಹ್ನ ಎಷ್ಟು ಹೊತ್ತಿಗೆಂದು ಕಾಳವ್ವನನ್ನು ಕೇಳಿದರು, ತಿಥಿ ಕೇಳಿದರು. ಕೂತು ಲೆಕ್ಕ ಮಾಡಿದರು. ಮತ್ತೊಮ್ಮೆ ಮಾಡಿದರು. ತಲೆಯೆತ್ತಿದಾಗ ಅವರ ಕಣ್ಣಲ್ಲಿ ನೀರಿತ್ತು. ಸಂತೋಷದ ನೀರು.

"ಧನುರ್ಮಾಸದಲ್ಲಿ ಸೂರ್ಯ ಇರ್ತಾನಲ್ಲ, ಅವನ ಹಿಂದೆ, ಬಹಳ ಹಿಂದೆ, ಆಕಾಶಗಂಗೆಯ ನಡು ಇರುತ್ತೆ. ಹಗಲಾದ್ದರಿಂದ ಕಾಣಲ್ಲ. ಅವತ್ತು ಆ ಹೊತ್ತಿಗೆ ನಿಮ್ಮ ದಾರ ತೋರಿಸೋದು ಸರಿಯಾಗಿ ಅಲ್ಲಿಗೇ. ಇದು ಈ ಊರಿನ ಬೆಳಕಲ್ಲ ವಿಮಲಾ. ಅಲ್ಲಿಂದ ಬಂದದ್ದು. ಹೊರಟು ಇಪ್ಪತ್ತಾರು ಸಾವಿರ ವರ್ಷ ಆಗಿದೆ. ಯಂತ್ರದಲ್ಲಿ ಹುಡುಕ್ತಾ ಇದ್ದೆವು, ಇಲ್ಲಿ ಗೋಡೆ ಮೇಲೆ ಕೂತಿದೆ!"

ವೈನಿ ಒಳಗಿನಿಂದಲೇ ಕೇಳಿದಳು. ಅವಳಿನ್ನೂ ತುದಿ ಒತ್ತಿ ಹಿಡಿದುಕೊಂಡೇ ಕೂತಿದ್ದಳು. "ಅಲ್ಲಿ ಯಾರಿಗೆ ತಾಕಿತ್ತು ಮೇಡಂ?"

ಮೇಡಂ ಲೆಕ್ಕದ ಹಾಳೆ ಮಡಚಿದರು. ಆಮೇಲೆ ಮೆತ್ತಗೆ, "ಗೊತ್ತಿಲ್ಲಮ್ಮ. ಏನೋ ಒಂದು ಪಾಸಿಟ್ರಾನು, ಏನೋ ಒಂದು ಎಲೆಕ್ಟ್ರಾನು. ಅದು ಎಲ್ಲಿ ಹುಟ್ಟಿತು ಅನ್ನೋದೂ ಗೊತ್ತಿಲ್ಲ. ಸತ್ತ ನಕ್ಷತ್ರಗಳಿಂದ ಅಂತಾರೆ, ನಡುವಿನ ಕಪ್ಪುಕುಳಿಯಿಂದ ಅಂತಾರೆ, ನಮಗೆ ಕಾಣದೇ ಇರೋ ಯಾವುದೋ ವಸ್ತುವಿನಿಂದ ಅಂತಾನೂ ಅಂತಾರೆ. ಹುಟ್ಟಿದ ಜಾಗದಿಂದ ಎಷ್ಟು ದೂರ ಅಲೆದು ಬಂದಿತ್ತೋ. ನಮಗೆ ಕಾಣೋದು ಅದು ಮುಗಿದ ಜಾಗ ಮಾತ್ರ" ಎಂದರು.

"ಮುಗಿದ ಜಾಗ ಕಾಣತೈತಲ್ಲ ನಿಮಗ" ಎಂದಳು ವೈನಿ.

ಮೌನೇಶಪ್ಪ ಹಂಚು ಹಿಡಿದುಕೊಂಡು ಮಾಡಿನ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಕಾಳವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಸಂದಿಯಿಂದ ಬಗ್ಗಿ ನೋಡಿದರೆ ಕೊಟ್ಟಿಗೆಯ ಮಬ್ಬಿನಲ್ಲಿ ವೈನಿಯ ಬೈತಲೆ ಮಾತ್ರ ನನಗೆ ಕಾಣುತ್ತಿತ್ತು.

"ಹಂಗಾದ್ರ ಅವರಿಗೆ ತಾಕಿಲ್ಲ" ಎಂದಳು. ಆಮೇಲೆ, "ಹೋಗ್ಯಾರ" ಎಂದಳು.

ನಮ್ಮೂರಲ್ಲಿ ಒಬ್ಬ ಮನುಷ್ಯ ಇಲ್ಲವೆಂದರೆ ತಾಕಿದ್ದಾನೆಂದೇ. ಯಾರಾದರೂ ಎದ್ದು, ಅಂಗಿ ತೊಟ್ಟು, ಹೊಸ್ತಿಲು ದಾಟಿ, ಬಸ್ ನಿಲ್ದಾಣದ ಕಲ್ಲನ್ನು ಬಳಸಿ, ಸುಮ್ಮನೆ ಹೋಗಿಬಿಡಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಬಸ್ಸಿನವರನ್ನು ಒಬ್ಬರಾದರೂ ಕೇಳಿರಲಿಲ್ಲ. ಊರೆಲ್ಲ ಗೋಡೆಗಳಿಗೆ ಕೈ ಇಟ್ಟು ನೋಡುತ್ತಿತ್ತು. ದಾರದವರು ನೀರು ತರಲು ಹೋದರೂ ಜೇಬಿನಲ್ಲಿ ಉಂಡೆ ಇಟ್ಟುಕೊಂಡೇ ಹೋಗುತ್ತಾರೆ. ಅಪ್ಪ ಸಾಯುವಾಗಲೂ ಅದು ಅವನ ದಿಂಬಿನ ಬಳಿ ಇತ್ತು. ಅಣ್ಣ ಅವತ್ತು ಅದನ್ನು ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ಹಾಕಿ ಹೋಗಿದ್ದ. ನಾನೇ ಕೈಯಾರೆ ಅದನ್ನು ಮೊಳೆಯಿಂದ ತೆಗೆದುಕೊಂಡು ಓಡಿದ್ದೆ.

ದಾರ ನನ್ನ ಬೆರಳುಗಳ ನಡುವೆ ಬಿಗಿಯಾಗಿತ್ತು. ಎಳೆದು ಮುಟ್ಟಿಸಲು ಮುಂದೆ ಗೋಡೆ ಇರಲಿಲ್ಲ. ಕೆಳಗಿನಿಂದ ಅದು ಒಮ್ಮೆ ಜಗ್ಗಿತು. ಬಿಗಿಮಾಡು ಎಂದೇನೋ ಅಂದುಕೊಂಡು ಕೈ ಇನ್ನಷ್ಟು ಮೇಲೆತ್ತಿದೆ. ಆಮೇಲೆ ಇನ್ನೊಮ್ಮೆ ಜಗ್ಗಿತು. ನಮ್ಮ ಅಣ್ಣ ತಂಗಿಯ ಆ ಮಾತನ್ನು ವೈನಿ ನಗೆಗಲ್ಲದೆ ಆಡಿದ್ದು ಅವತ್ತೇ ಮೊದಲು. ಬಿಟ್ಟೆ.

ಅವತ್ತು ಸಂಜೆ ನಾವಿಬ್ಬರೂ ಸುಣ್ಣ ಕಲಸಿಕೊಂಡು ರಾಚಪ್ಪನ ಮನೆಗೆ ಹೋದೆವು. ರಾಚಪ್ಪ ಹೊಲಿಗೆಯಿಂದ ತಲೆಯೆತ್ತಲಿಲ್ಲ. ಚಂಪಾವತಿ ಬಾಗಿಲಿಗೆ ಬಂದಳು. ಬಕೆಟ್ಟು ನೋಡಿದಳು, ವೈನಿಯ ಮುಖ ನೋಡಿದಳು.

"ನಮ್ಮ ಗ್ವಾಡಿ ಕೆರಿಸಿದ್ರಿ. ಇನ್ನ ಹೋಗಿ ಆಕಾಶ ಕೆರೀರಿ" ಎಂದಳು.

"ಸುಣ್ಣ ಹಚ್ಚಿ ಹೋಗ್ತೀವಿ ಚಂಪಾ" ಎಂದೆ.

"ಬ್ಯಾಡ. ಹಚ್ಚಿದ್ರ ಮತ್ತ ಏನೋ ಮುಚ್ಚ್ಯಾರ ಅಂತಾರ."

ಬಾಗಿಲು ಹಾಕಿಕೊಂಡಳು. ಬಕೆಟ್ಟನ್ನು ಅವರ ಕಟ್ಟೆಯ ಬಳಿ ಬಿಟ್ಟು ಬಂದೆವು. ಮರುದಿನ ಅದು ಅಲ್ಲೇ ಇತ್ತು, ಸುಣ್ಣ ಗಟ್ಟಿಯಾಗಿ.

ಮನೆಯಲ್ಲಿ ಅವ್ವನಿಗೆ ನಾನೇ ಹೇಳಿದೆ. ಮಗ ಬದುಕಿದ್ದಾನು ಎಂದರೆ ಅವಳಿಗೆ ಹಿಗ್ಗಾಗುತ್ತದೆಂದುಕೊಂಡಿದ್ದೆ. ಅವಳು ಕೇಳಿದಳು, ತಲೆಯಾಡಿಸಿದಳು, ಎದ್ದು ಅಣ್ಣನ ತಾಟನ್ನು ತೊಳೆದಳು. ಒರೆಸಿ ನೆಲುವಿನ ಮೇಲೆ ಎತ್ತಿಟ್ಟಳು. ಅಲ್ಲಿಗೆ ಅವಳ ಕೈ ಈಗ ಸರಿಯಾಗಿ ಎಟಕುವುದಿಲ್ಲ. ಆದರೂ ನನ್ನನ್ನು ಕರೆಯಲಿಲ್ಲ.

ಬೀಗರ ಕಟ್ಟಳೆ ಏನಾಗಬೇಕೆಂದು ಕೇಳಲು ಮೌನೇಶಪ್ಪ ಹಿರಿಯರ ಬಳಿ ಹೋದ. ಅವರು ಬಹಳ ಹೊತ್ತು ಮಾತಾಡಿದರು. ಕಲೆ ಇದೆ, ಆದ್ದರಿಂದ ಯಾರಿಗೋ ತಾಕಿದೆ. ಎಲ್ಲಿಯಾದರೂ ಆಗಲಿ, ಎಂದಾದರೂ ಆಗಲಿ, ಕಲೆ ಬಿದ್ದ ಮನೆ ಊಟ ತರಬೇಕು ಎಂದರು. ಯಾರಿಗೆ ಎಂದು ಹೇಳಲಿಲ್ಲ. ಕಾಳವ್ವ ರೂಢಿಯಂತೆ ನಮ್ಮ ಮನೆಗೇ ತಂದಳು. ಜೋಳದ ರೊಟ್ಟಿ, ಪುಂಡಿಪಲ್ಲೆ, ಮೇಲೆ ಬಟ್ಟೆ ಮುಚ್ಚಿದ ತಾಟು. ಅವ್ವ ಬಾಗಿಲಲ್ಲಿ ಅಡ್ಡ ನಿಂತಳು.

"ಒಯ್ಯಿ ಕಾಳವ್ವಾ. ನಮ್ಮ ಮನ್ಯಾಗ ಯಾರೂ ಸತ್ತಿಲ್ಲ."

ಅಂಥ ಮಾತನ್ನು ಅಷ್ಟು ಕೆಟ್ಟ ದನಿಯಲ್ಲಿ ನಾನು ಎಂದೂ ಕೇಳಿರಲಿಲ್ಲ. ಅವ್ವ ಒಳಗೆ ಹೋದಳು. ಕಾಳವ್ವ ಓಣಿಯ ನಡುವೆ ತಾಟು ಹಿಡಿದು ನಿಂತಳು. ಎತ್ತ ಹೋಗಬೇಕೆಂದು ಅವಳಿಗೆ ತಿಳಿಯಲಿಲ್ಲ. ಬಿಸಿಲಿಗೆ ಕಣ್ಣು ಕಿರಿದುಮಾಡಿ ಒಮ್ಮೆ ಮೇಲೆಯೂ ನೋಡಿದಳು.

ಕಸ್ತೂರಿ ವೈನಿ ಬಚ್ಚಲಿನಿಂದ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಹೊರಗೆ ಬಂದಳು. ಈಚೆಗೆ ಅವಳು ಬಾಗಿಲ ಹೊರಗೆ ಮಲಗಿದ್ದ ಆ ಕಲ್ಲಿನ ಮೇಲೆಯೇ ಬಟ್ಟೆ ಒಗೆಯುತ್ತಿದ್ದಳು. ಹೆಸರು ಕೊರೆದ ಬದಿ ಒರಟಾಗಿದ್ದರಿಂದ ಕೊಳೆ ಬೇಗ ಬಿಡುತ್ತಿತ್ತು. ಅಣ್ಣನ ಅಂಗಿಗಳನ್ನೂ ಅದರ ಮೇಲೆಯೇ ಬಡಿದು ಒಣಹಾಕುತ್ತಿದ್ದಳು, ತೊಡುವವರು ಇರುವ ಹಾಗೆ. ಬುಟ್ಟಿ ಇಳಿಸಿ, ಕೈಯನ್ನು ಸೀರೆಗೆ ಒರೆಸಿಕೊಂಡು ಕಾಳವ್ವನ ಹತ್ತಿರ ಹೋಗಿ ತಾಟು ತೆಗೆದುಕೊಂಡಳು.

"ಅಲ್ಲವಾ, ನಿಮ್ಮತ್ತಿ…" ಎಂದಳು ಕಾಳವ್ವ.

"ಯಾರದರಽ ಇರ್ಲಿ. ತಂದ ಮ್ಯಾಲ ಉಣ್ಣೋರು ಒಬ್ರು ಬೇಕಲ್ಲ."

ಕಲ್ಲಿನ ಮೇಲೆ ಕೂತು ಬಟ್ಟೆ ಸರಿಸಿದಳು. ಬೀಗರ ಊಟವನ್ನು ಅತ್ತು ಮುಗಿಸಿದವರು ಮಾತ್ರ ಉಣ್ಣಬೇಕು. ಅವಳು ಅತ್ತಿರಲಿಲ್ಲ, ಆಗಲೂ ಅಳಲಿಲ್ಲ. ರೊಟ್ಟಿ ಮುರಿದಳು. ಆತುರವಿಲ್ಲದೆ, ಒಂದು ಚೂರೂ ಬಿಡದೆ ಎಲ್ಲವನ್ನೂ ಉಂಡಳು. ಮುಗಿದ ಮೇಲೆ ತಂಬಿಗೆಯ ನೀರಲ್ಲಿ ಕೈ ತೊಳೆದು, ಖಾಲಿ ತಂಬಿಗೆಯನ್ನು ಪಕ್ಕದಲ್ಲಿಟ್ಟಳು. ಬೋರಲು ಹಾಕಲಿಲ್ಲ. ನೆಟ್ಟಗೂ ನಿಲ್ಲಿಸಲಿಲ್ಲ. ಅದು ಮಗ್ಗುಲಾಗಿ ಉರುಳಿ, ಕಲ್ಲಿಗೆ ತಾಗಿ ನಿಂತಿತು.